ಬಿಗಿದ ಬೋಲ್ಟ್ ಬಿಚ್ಚುವ ಮುನ್ನ



ಕೆಲವು ತಿಂಗಳಿಂದ ನಾನು ಸಂಘದ ಕಚೇರಿಗೆ ಬಸ್ಸಿನಲ್ಲಿ ಬರುತ್ತಿರುವುದನ್ನೂ, ಉಗುರಿನ ಸಂದಿಯಲ್ಲಿ ಗ್ರೀಸ್ ಕಪ್ಪು ಕೂತಿರುವುದನ್ನೂ ಕಂಡು ಹಲವರು ಕಾರಣ ಕೇಳಿದ್ದೀರಿ. ಶೆಡ್ಡಿನಲ್ಲಿ ನಾಲ್ಕು ವರ್ಷ ನಿಂತಿದ್ದ ನಮ್ಮ ಹಳೆಯ ಮಾರುತಿ 800ರ ಎಂಜಿನ್ ಬಿಚ್ಚಿ ಮನೆಯಲ್ಲೇ ಮತ್ತೆ ಕಟ್ಟುತ್ತಿದ್ದೇನೆ. ಸರ್ವಿಸಿನಲ್ಲಿದ್ದಾಗ ಸಾಲ ಮಾಡಿ ಕೊಂಡ ಗಾಡಿ ಅದು. ನಮ್ಮ ಮನೆಯವರು ಡ್ರೈವಿಂಗ್ ಕಲಿತದ್ದೂ ಅದರಲ್ಲೇ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ಆ ದಿನ ಹತ್ತಿರ ಬರುತ್ತಿದೆ. ಗಾಡಿ ಓಡಿದರೆ ಉಳಿಯಿತು, ಇಲ್ಲದಿದ್ದರೆ ಗುಜರಿಗೆ. "ಗುಜರಿಗೇ ಹಾಕಿಬಿಡಿ ಅಪ್ಪಾ" ಎಂದು ಮಗ ಹೇಳಿ ಎರಡು ವರ್ಷವಾಯಿತು.

ನಾನು ಮೆಕ್ಯಾನಿಕ್ ಅಲ್ಲ, ನಿವೃತ್ತ ಗುಮಾಸ್ತ. ನಮ್ಮ ಹೊಸೂರಿನಲ್ಲಿ ಕಾರ್ಖಾನೆಗಳಲ್ಲಿ ದುಡಿದು ಬಂದವರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಇದೆಲ್ಲ ಗೊತ್ತಿರುವುದೇ. ನನ್ನಂತೆ ಹೊಸದಾಗಿ ಸ್ಪ್ಯಾನರ್ ಹಿಡಿದವರಿಗಾಗಿ ಈ ಬರಹ. ಎಂಜಿನ್ ಕಟ್ಟುವುದಕ್ಕಿಂತ ಬಿಚ್ಚುವುದೇ ಕಷ್ಟ. ಅದರಲ್ಲೂ ಹಿಡಿದುಕೊಂಡ ಭಾಗಗಳನ್ನು ಮುರಿಯದೆ ಬಿಚ್ಚುವುದು.

ಏಕೆ ಹಿಡಿದುಕೊಳ್ಳುತ್ತದೆ?

ಕಚೇರಿಯಲ್ಲಿ ಒಂದು ಫೈಲು ಮುಂದೆ ಹೋಗದಿದ್ದರೆ, ಅದು ಯಾರ ಮೇಜಿನ ಮೇಲೆ ಏತಕ್ಕೆ ನಿಂತಿದೆ ಎಂದು ಮೊದಲು ವಿಚಾರಿಸಬೇಕು. ಸುಮ್ಮನೆ ಕೂಗಾಡಿದರೆ ಇನ್ನೂ ಕೆಳಗೆ ಹೋಗುತ್ತದೆ. ಬೋಲ್ಟಿನದೂ ಅದೇ ಕಥೆ.

ಮೊದಲ ಕಾರಣ ತುಕ್ಕು. ತೆಲುಗಿನವರು ತುಪ್ಪು ಎನ್ನುತ್ತಾರೆ, ತಮಿಳಿನವರು ತುರು ಎನ್ನುತ್ತಾರೆ, ನಮ್ಮೂರ ಲೇತ್ ಅಂಗಡಿಯಲ್ಲಿ ಮೂರೂ ಕೇಳುತ್ತವೆ. ಕಬ್ಬಿಣ ತುಕ್ಕಾದಾಗ ಮೊದಲಿದ್ದದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಆ ಜಾಗವೇ ಇಲ್ಲವಾದ್ದರಿಂದ ಬೆಣೆ ಹೊಡೆದಂತೆ ಬಿಗಿಯುತ್ತದೆ.

ಎರಡನೆಯದು ಲೋಹ ಲೋಹದ ಜಗಳ. ಮಾರುತಿ 800ರ 796 ಸಿಸಿ ಎಂಜಿನ್ನಿನಲ್ಲಿ ಬ್ಲಾಕ್ ಬೀಡುಕಬ್ಬಿಣದ್ದು, ಮೇಲಿನ ಹೆಡ್ ಅಲ್ಯೂಮಿನಿಯಮ್ಮಿನದು, ಬೋಲ್ಟ್ ಉಕ್ಕಿನದು. ಎರಡು ಬೇರೆ ಲೋಹಗಳ ನಡುವೆ ನೀರು ಸೇರಿದರೆ ಸಣ್ಣ ಬ್ಯಾಟರಿಯ ಹಾಗೆ ಕೆಲಸ ನಡೆದು ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಬೋಲ್ಟನ್ನು ಗಾರೆಯಂತೆ ಹಿಡಿಯುತ್ತದೆ. ಕೂಲೆಂಟ್ ಬದಲು ನಲ್ಲಿನೀರು ಹಾಕಿ ಓಡಿಸಿದ ಗಾಡಿಗಳಲ್ಲಿ ಇದು ಹೆಚ್ಚು. ನಾನೂ ಹಾಗೆಯೇ ಓಡಿಸಿದವನು.

ಮೂರನೆಯದು ಕರಿ ಮತ್ತು ಒಣಗಿದ ಎಣ್ಣೆ. ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಅಂಟುವುದಕ್ಕೆ ತುಕ್ಕಿನ ಜೊತೆ ಇವೂ ಕಾರಣ.

ಮೊದಲು ಎಣ್ಣೆ, ಆಮೇಲೆ ಕಾಯುವುದು

ಬ್ಯಾಟರಿ ಕನೆಕ್ಷನ್ ತೆಗೆಯಿರಿ. ಥ್ರೆಡ್ಡಿನ ಹೊರಗಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ. ಆಟೋಮ್ಯಾಟಿಕ್ ಗೇರ್ ಎಣ್ಣೆಯನ್ನೂ ಅಸಿಟೋನನ್ನೂ ಸಮಪಾಲು ಬೆರೆಸಿಯೂ ಬಳಸುತ್ತಾರೆ. ಅಸಿಟೋನ್ ಪೆಟ್ರೋಲಿನಷ್ಟೇ ಬೇಗ ಹೊತ್ತಿಕೊಳ್ಳುತ್ತದೆ, ಗಾಳಿಯಾಡುವ ಕಡೆಯಲ್ಲೇ ಬೆರೆಸಿ. ಸಂಜೆ ಹಾಕಿ ಬೆಳಿಗ್ಗೆ ಮತ್ತೆ ಹಾಕಿ. ಹೀಗೆ ಮೂರು ದಿನ. ನಡುನಡುವೆ ಬೋಲ್ಟಿನ ತಲೆಗೆ ಸಣ್ಣ ಸುತ್ತಿಗೆಯಿಂದ ನೇರವಾಗಿ ತಟ್ಟಿದರೆ ತುಕ್ಕಿನ ಪದರ ಬಿರುಕು ಬಿಟ್ಟು ಎಣ್ಣೆ ಒಳಗೆ ಇಳಿಯುತ್ತದೆ.

ಬಿಚ್ಚುವಾಗ ಆರು ಮೂಲೆಯ ಸಾಕೆಟ್ಟನ್ನೇ ಬಳಸಿ. ಹನ್ನೆರಡು ಮೂಲೆಯದು, ಸವೆದ ಫಿಕ್ಸ್ ಸ್ಪ್ಯಾನರ್ ಇವೆಲ್ಲ ಬೋಲ್ಟಿನ ತಲೆಯನ್ನು ಉರುಟು ಮಾಡುತ್ತವೆ. ಮೊದಲು ಒಂದು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಕಾಲು ಸುತ್ತು ಬಂದರೆ ಎಣ್ಣೆ ಹಾಕಿ ಹಿಂದಕ್ಕೆ ತಿರುಗಿಸಿ, ಮತ್ತೆ ಮುಂದಕ್ಕೆ. ಸ್ಕ್ರೂಗಳಿಗೆ ಇಂಪ್ಯಾಕ್ಟ್ ಡ್ರೈವರ್ ಒಳ್ಳೆಯದು. ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರೆ ಒತ್ತುತ್ತಲೇ ತಿರುಗಿಸುತ್ತದೆ.

ಬಿಸಿ ಮಾಡುವುದು

ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆದ್ದರಿಂದ ಅಲ್ಯೂಮಿನಿಯಮ್ಮಿನಲ್ಲಿ ಕೂತ ಉಕ್ಕಿನ ಬೋಲ್ಟಿನ ಸುತ್ತಲಿನ ಜಾಗವನ್ನು ಬಿಸಿ ಮಾಡಿದರೆ ಹಿಡಿತ ಸಡಿಲವಾಗುತ್ತದೆ. ಬೋಲ್ಟಿಗೆ ಅಂಟಿದ ನಟ್ಟಾದರೆ ನಟ್ಟನ್ನು ಬಿಸಿ ಮಾಡಿ, ಥ್ರೆಡ್ಡಿಗೆ ಮೇಣದಬತ್ತಿ ತಾಗಿಸಿ. ಕರಗಿದ ಮೇಣ ಸಂದಿಯೊಳಗೆ ತಾನೇ ಎಳೆದುಕೊಂಡು ಹೋಗುತ್ತದೆ.

ಎಚ್ಚರ ಬೇಕಾದ ಜಾಗವೂ ಇದೇ. ಅಲ್ಯೂಮಿನಿಯಂ ಕೆಂಪಗಾಗಿ ಸೂಚನೆ ಕೊಡುವುದಿಲ್ಲ, ಸುಮಾರು 660 ಡಿಗ್ರಿಗೆ ನೇರವಾಗಿ ಕರಗಿಬಿಡುತ್ತದೆ. ಪೆಟ್ರೋಲ್ ಪೈಪ್, ಟ್ಯಾಂಕ್ ಹತ್ತಿರ ಬೆಂಕಿ ಬೇಡವೇ ಬೇಡ. ಸ್ಪ್ರೇ, ಅಸಿಟೋನ್ ಹಾಕಿದ ಜಾಗವನ್ನು ಒರೆಸಿ ಪೂರ್ತಿ ಒಣಗಿದ ಮೇಲೆಯೇ ಬಿಸಿ. ಕೆಲವು ಬ್ರೇಕ್ ಕ್ಲೀನರುಗಳು ಬೆಂಕಿ ತಾಗಿದರೆ ವಿಷದ ಹೊಗೆ ಬಿಡುತ್ತವೆ.

ಪಿಸ್ಟನ್ ಹಿಡಿದಿದ್ದರೆ

ಸ್ಟಾರ್ಟರ್ ಒತ್ತಬೇಡಿ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ಪ್ರತಿ ಸಿಲಿಂಡರಿಗೂ ಡೀಸೆಲ್ ಮತ್ತು ಎಂಜಿನ್ ಆಯಿಲ್ ಮಿಶ್ರಣ ಸುರಿದು ಒಂದು ವಾರ ಬಿಡಿ, ಇಳಿದಂತೆ ಮತ್ತೆ ತುಂಬಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ, ಬೋಲ್ಟ್ ಬಿಗಿಯಾಗುವ ದಿಕ್ಕಿನಲ್ಲಿ ಮೆಲ್ಲಗೆ ಒತ್ತಿ. ನಮ್ಮ ಗಾಡಿ ಎಂಟನೆಯ ದಿನ ಎರಡು ಬೆರಳಿನಷ್ಟು ಅಲುಗಿತು. ಆ ದಿನ ನಮ್ಮ ಮನೆಯಲ್ಲಿ ಪಾಯಸ.

ಹೆಡ್ ತೆಗೆದ ಮೇಲೂ ಪಿಸ್ಟನ್ ಬರದಿದ್ದರೆ, ಸಿಲಿಂಡರಿನ ಮೇಲ್ತುದಿಯಲ್ಲಿ ಸವೆಯದೆ ಉಳಿದ ಅಂಚನ್ನೂ ಕರಿಯನ್ನೂ ಮೊದಲು ತೆಗೆಯಬೇಕು. ಕನೆಕ್ಟಿಂಗ್ ರಾಡಿನ ಕ್ಯಾಪ್ ಬಿಚ್ಚಿ, ಅದರ ಬೋಲ್ಟುಗಳಿಗೆ ರಬ್ಬರ್ ಪೈಪಿನ ತುಂಡು ತೊಡಿಸಿ. ಇಲ್ಲದಿದ್ದರೆ ಕ್ರ್ಯಾಂಕಿಗೆ ಗೀರು ಬೀಳುತ್ತದೆ. ಮರದ ತುಂಡಿಟ್ಟು ಕೆಳಗಿನಿಂದ ಮೇಲಕ್ಕೆ ತಟ್ಟಿ. ಕ್ಯಾಪುಗಳಿಗೆ ನಂಬರ್ ಹಾಕಿ, ಒಂದರದ್ದು ಇನ್ನೊಂದಕ್ಕೆ ಬರುವುದಿಲ್ಲ.

ಹೆಡ್ ಏಳದಿದ್ದರೆ

ಎಂಜಿನ್ ಪೂರ್ತಿ ತಣ್ಣಗಿರುವಾಗ, ಹೆಡ್ ಬೋಲ್ಟುಗಳನ್ನು ಎರಡು ತುದಿಯಿಂದ ನಡುವಿನ ಕಡೆಗೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಒಂದನ್ನೇ ಪೂರ್ತಿ ಬಿಚ್ಚಿದರೆ ಹೆಡ್ ಸೊಟ್ಟಗಾಗಬಹುದು. ಗ್ಯಾಸ್ಕೆಟ್ ಅಂಟಿಕೊಂಡಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ತೂರಿಸಬೇಡಿ. ಒಂದು ಗೀರು ಬಿದ್ದರೂ ಅಲ್ಲಿಂದ ಕಂಪ್ರೆಷನ್ ಸೋರುತ್ತದೆ. ಹೆಡ್ಡಿನ ದಪ್ಪ ಮೂಲೆಗಳಿಗೆ ಮರದ ತುಂಡಿಟ್ಟು ತಟ್ಟಿ ಅಲುಗಿಸಿ.

ನಾನು ಮಾಡಿದ ತಪ್ಪು

ಇಷ್ಟು ಗೊತ್ತಿದ್ದೂ ಒಂದು ಭಾನುವಾರ ಮಧ್ಯಾಹ್ನ ಕೆಟ್ಟೆ. ಸೈಲೆನ್ಸರ್ ಕಡೆಯ ಮ್ಯಾನಿಫೋಲ್ಡ್ ಸ್ಟಡ್‌ಗಳು ಸದಾ ಕಾದು ತಣಿಯುವುದರಿಂದ ಎಲ್ಲಕ್ಕಿಂತ ಬೇಗ ಮುರಿಯುವಂಥವು. ಐದು ಗಂಟೆಗೆ ಸಂಘದ ಸಭೆ ಇತ್ತು. ಎರಡೇ ದಿನ ಎಣ್ಣೆ ಕುಡಿಸಿದ್ದ ನಟ್ಟಿಗೆ ಸ್ಪ್ಯಾನರ್ ಹಾಕಿ, ಅದರ ಹಿಡಿಗೆ ಮೂರಡಿ ಪೈಪ್ ತೂರಿಸಿ ಎಳೆದೆ. ಮೊದಲು ರಬ್ಬರಿನ ಹಾಗೆ ಮೆತ್ತಗೆ ಬಂತು. ಆ ಮೆತ್ತಗೆ ಬರುವುದೇ ಸೂಚನೆ: ಥ್ರೆಡ್ ಬಿಡುತ್ತಿಲ್ಲ, ಸ್ಟಡ್ ಹಿಂಡಿಕೊಳ್ಳುತ್ತಿದೆ. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಟಕ್ ಎಂದಿತು.

ಮುರಿದದ್ದು ಹೆಡ್ಡಿನ ಮಟ್ಟಕ್ಕೇ. ಹೊರಗೆ ಸ್ವಲ್ಪ ಉಳಿದಿದ್ದರೆ ಎರಡು ನಟ್ಟು ಒಂದಕ್ಕೊಂದು ಬಿಗಿದು ಒಳಗಿನದನ್ನು ತಿರುಗಿಸಬಹುದಿತ್ತು. ವೆಲ್ಡರ್ ಹತ್ತಿರ ಹೋಗಿ ಮುರಿದ ತುದಿಗೆ ನಟ್ಟು ವೆಲ್ಡ್ ಮಾಡಿಸಿದ್ದರೂ ಆಗುತ್ತಿತ್ತೇನೋ. ವೆಲ್ಡಿಂಗಿನ ಬಿಸಿಯೇ ಅರ್ಧ ಕೆಲಸ ಮಾಡುತ್ತದೆ. ನಾನು ತಪ್ಪಿನ ಮೇಲೆ ತಪ್ಪು ಮಾಡಿ, ನಡುವೆ ತೂತು ಕೊರೆದು ಈಜಿ ಔಟ್ ಹಾಕಿದೆ. ಅದು ಗಡಸು ಉಕ್ಕು. ಅದೂ ಒಳಗೇ ಮುರಿಯಿತು. ಅದನ್ನು ಮಾಮೂಲಿ ಡ್ರಿಲ್ ಕಚ್ಚುವುದೂ ಇಲ್ಲ.

ಹೆಡ್ ಹೋಯಿತು ಎಂದುಕೊಂಡು ಲೇತ್ ಅಂಗಡಿಗೆ ಒಯ್ದೆ. ಅಲ್ಲಿನ ಹಿರಿಯರು ನೋಡಿ, "ಅವಸರ ಇತ್ತಾ ಸಾರ್?" ಎಂದಷ್ಟೇ ಕೇಳಿದರು. ಅವರೇ ಒಂದು ಟೂಲ್ ರೂಮಿಗೆ ಕಳಿಸಿದರು. ಅಲ್ಲಿ ಸ್ಪಾರ್ಕ್ ಎರೋಷನ್ ಯಂತ್ರ, ಅಂದರೆ ವಿದ್ಯುತ್ ಕಿಡಿಯಿಂದ ಉಕ್ಕನ್ನು ಕಣಕಣವಾಗಿ ತಿನ್ನಿಸುವ ಯಂತ್ರ, ಆ ತುಂಡನ್ನು ತೆಗೆಯಿತು. ಕೆಟ್ಟ ಥ್ರೆಡ್ಡಿಗೆ ಹೆಲಿಕಾಯಿಲ್ ಸುರುಳಿ ಕೂರಿಸಿದರು. ಹೆಡ್ ಉಳಿಯಿತು. ಆದರೆ ಆ ಒಂದು ಸ್ಟಡ್ಡಿಗೆ ಕೊಟ್ಟ ಹಣದಲ್ಲಿ ಪೂರ್ತಿ ಸೆಟ್ಟನ್ನು ಹಲವು ಸಲ ಕೊಳ್ಳಬಹುದಿತ್ತು. ಉಳಿದ ಸ್ಟಡ್‌ಗಳಿಗೆ ಇನ್ನೂ ಒಂದು ವಾರ ಎಣ್ಣೆ ಕುಡಿಸಿ ಬಿಸಿ ಮಾಡಿದೆ. ಎಲ್ಲವೂ ಪೈಪಿಲ್ಲದೆ ಬಂದವು.

ಮತ್ತೆ ಕಟ್ಟುವಾಗ

ಬಿಚ್ಚಿದ ಬೋಲ್ಟುಗಳನ್ನು ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು ಅದರದರ ಜಾಗದಲ್ಲೇ ಚುಚ್ಚಿಡಿ. ಗುಮಾಸ್ತಿಕೆ ಕೆಲಸಕ್ಕೆ ಬಂದದ್ದು ಇಲ್ಲಿ. ಮ್ಯಾನಿಫೋಲ್ಡ್ ಸ್ಟಡ್‌ಗಳಿಗೆ ತಾಮ್ರದ ಆಂಟಿ ಸೀಜ್ ಗ್ರೀಸ್ ಹಚ್ಚಿ. ಹೆಡ್ ಬೋಲ್ಟಿಗೆ ಮಾತ್ರ ಮ್ಯಾನ್ಯುಯಲ್ ಹೇಳಿದಂತೆಯೇ ನಡೆಯಿರಿ, ಎಣ್ಣೆ ಗ್ರೀಸ್ ಹಚ್ಚಿದರೆ ಟಾರ್ಕ್ ಲೆಕ್ಕ ತಪ್ಪುತ್ತದೆ. ರೇಡಿಯೇಟರಿಗೆ ಕೂಲೆಂಟನ್ನೇ ಹಾಕಿ.

ನಮ್ಮ ಗಾಡಿಯ ಹೆಡ್ ಈ ವಾರ ಕೂರುತ್ತದೆ. ನವೀಕರಣದ ದಿನಕ್ಕೆ ಓಡುತ್ತದೋ ಇಲ್ಲವೋ ಆಗ ನೋಡೋಣ. ಮಗ ಕಳೆದ ವಾರ ಬಂದವನು ಗುಜರಿಯ ಮಾತೆತ್ತಲಿಲ್ಲ, ಟಾರ್ಚ್ ಹಿಡಿದು ನಿಂತಿದ್ದ.

ಕಡೆಯದಾಗಿ ಒಂದು ಪ್ರಕಟಣೆ. ನನ್ನ ಪುಲ್ಲರ್, ಇಂಪ್ಯಾಕ್ಟ್ ಡ್ರೈವರ್ ಮತ್ತು ಆರು ಮೂಲೆಯ ಸಾಕೆಟ್ ಸೆಟ್ಟನ್ನು ಸಂಘದ ಕಚೇರಿಯ ಬೀರುವಿನಲ್ಲಿ ಇಡುತ್ತೇನೆ. ಸದಸ್ಯರು ರಿಜಿಸ್ಟರಿನಲ್ಲಿ ಸಹಿ ಹಾಕಿ ಒಯ್ಯಬಹುದು. ಮೂರಡಿ ಪೈಪನ್ನು ಮಾತ್ರ ಇಟ್ಟಿಲ್ಲ.


ಕಾರ್ಯದರ್ಶಿ