ಉನ್ನತ ಶಿಕ್ಷಣದಲ್ಲಿ ಚಾಟ್‌ಬಾಟ್‌ಗಳ ಬಳಕೆ

ಚಾಟ್‌ಬಾಟ್ ಎಂದರೆ ಬಳಕೆದಾರರು ಆಡುಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಸಂಭಾಷಣೆಯ ರೂಪದಲ್ಲಿ ಉತ್ತರಿಸುವ ತಂತ್ರಾಂಶ. ವಿಶ್ವವಿದ್ಯಾಲಯಗಳಲ್ಲಿ ಇದನ್ನು ಪ್ರವೇಶಾತಿ, ಶುಲ್ಕ ಮತ್ತು ಪರೀಕ್ಷೆಗಳ ವಿಚಾರಣೆಗೆ, ಪಾಠದ ಸಂದೇಹ ಪರಿಹಾರಕ್ಕೆ ಹಾಗೂ ಸಿಬ್ಬಂದಿಯ ಕಚೇರಿ ಕೆಲಸಕ್ಕೆ ಬಳಸಲಾಗುತ್ತದೆ.

ಇತಿಹಾಸ

ಮೊದಲ ಚಾಟ್‌ಬಾಟ್ ಎಂದು ಪರಿಗಣಿಸಲಾಗುವ 'ಎಲೈಜಾ'ವನ್ನು ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದರು. ವಿಶ್ವವಿದ್ಯಾಲಯದ ತರಗತಿಯಲ್ಲಿ ಹೆಸರಾದದ್ದು 'ಜಿಲ್ ವಾಟ್ಸನ್'. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಪ್ರಾಧ್ಯಾಪಕ ಅಶೋಕ್ ಗೋಯೆಲ್ ಅವರ ಆನ್‌ಲೈನ್ ತರಗತಿಯಲ್ಲಿ ಸುಮಾರು 300 ವಿದ್ಯಾರ್ಥಿಗಳಿದ್ದು, ಒಂದು ಸೆಮಿಸ್ಟರಿಗೆ ಸುಮಾರು 10,000 ಸಂದೇಶಗಳು ಬರುತ್ತಿದ್ದವು. 2016ರಲ್ಲಿ ಈ ತಂತ್ರಾಂಶವನ್ನು ಬೋಧನಾ ಸಹಾಯಕಿಯೆಂಬಂತೆ ನಿಯೋಜಿಸಲಾಯಿತು. ಉತ್ತರದ ಬಗ್ಗೆ ಶೇ. 97ರಷ್ಟು ಖಾತ್ರಿಯಿದ್ದಾಗ ಮಾತ್ರ ಅದು ಉತ್ತರಿಸುತ್ತಿತ್ತು. ಉಳಿದವನ್ನು ಮನುಷ್ಯರಿಗೆ ಬಿಡುತ್ತಿತ್ತು. ಅದರ ಯಶಸ್ಸಿನಲ್ಲಿ ಈ ಸಂಯಮಕ್ಕೆ ದೊಡ್ಡ ಪಾಲಿದೆ. 2022ರ ನವೆಂಬರ್ 30ರಂದು ಬಿಡುಗಡೆಯಾದ ಚಾಟ್‌ಜಿಪಿಟಿಯ ಮೂಲಕ ಚಾಟ್‌ಬಾಟ್ ಸಾಮಾನ್ಯ ವಿದ್ಯಾರ್ಥಿಯ ಮೊಬೈಲಿಗೂ ಬಂದಿತು.

ಚಿತ್ರದುರ್ಗ ಜಿಲ್ಲೆಯ ಸಂದರ್ಭ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ಪದವಿ ಕಾಲೇಜುಗಳು 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಅದರ ಮುಖ್ಯ ಆವರಣವಿರುವುದು ನೆರೆಯ ಜಿಲ್ಲೆಯ ತೋಳಹುಣಸೆಯಲ್ಲಿ. ಅಂಕಪಟ್ಟಿಯ ತಿದ್ದುಪಡಿಗೆ ಅಲ್ಲಿಗೆ ಹೋಗಿಬರುವ ಹೊಸದುರ್ಗದ ವಿದ್ಯಾರ್ಥಿ ಒಂದು ದಿನವನ್ನೂ ಬಸ್ ವೆಚ್ಚವನ್ನೂ ಕಳೆದುಕೊಳ್ಳುತ್ತಾನೆ. ಪ್ರವೇಶ, ಪರೀಕ್ಷೆ ಮತ್ತು ಫಲಿತಾಂಶಗಳನ್ನು ನಿರ್ವಹಿಸುವ ರಾಜ್ಯದ ಯುಯುಸಿಎಂಎಸ್ ಜಾಲತಾಣವು ಅರ್ಜಿಯನ್ನು ಆನ್‌ಲೈನ್‌ಗೆ ತಂದಿದೆ. ಆದರೆ ಅರ್ಜಿ ಎಲ್ಲಿ ನಿಂತಿದೆ, ಯಾವ ದಾಖಲೆ ಬೇಕು ಎಂಬ ಪ್ರಶ್ನೆಗಳು ಉಳಿಯುತ್ತವೆ. ಚಾಟ್‌ಬಾಟ್ ನಿಜವಾಗಿ ಉಪಯುಕ್ತವಾಗುವುದು ಇಂತಹ ಕಡೆ.

ಅಪಾಯವೂ ಅಲ್ಲಿಯೇ ಇದೆ. ಬೃಹತ್ ಭಾಷಾ ಮಾದರಿಗಳು ಮುಂದಿನ ಪದ ಯಾವುದಿರಬಹುದೆಂದು ಊಹಿಸುತ್ತ ವಾಕ್ಯ ಕಟ್ಟುತ್ತವೆ. ಆದ್ದರಿಂದ ಬೇರೊಂದು ವಿಶ್ವವಿದ್ಯಾಲಯದ ಮರುಮೌಲ್ಯಮಾಪನ ನಿಯಮವನ್ನು ಇಲ್ಲಿಯದೆಂಬಂತೆ ಧೈರ್ಯವಾಗಿ ಹೇಳಿಬಿಡಬಲ್ಲವು. ಕೊನೆಯ ದಿನಾಂಕವನ್ನು ತಪ್ಪಾಗಿ ತಿಳಿದವನು ಒಂದು ಸೆಮಿಸ್ಟರನ್ನೇ ಕಳೆದುಕೊಳ್ಳಬಹುದು. ಇದನ್ನು ತಗ್ಗಿಸಲು ಮೊದಲು ವಿಶ್ವವಿದ್ಯಾಲಯದ ಅಧಿಕೃತ ಸುತ್ತೋಲೆಗಳಲ್ಲಿ ಹುಡುಕಿ, ಸಿಕ್ಕ ಭಾಗವನ್ನು ಆಧರಿಸಿ, ಸುತ್ತೋಲೆಯ ದಿನಾಂಕ ಸಹಿತ ಉತ್ತರಿಸುವಂತೆ ವ್ಯವಸ್ಥೆ ರೂಪಿಸಲಾಗುತ್ತದೆ. ಸುತ್ತೋಲೆಯೇ ಸ್ಕ್ಯಾನ್ ಮಾಡಿದ ಚಿತ್ರವಾಗಿದ್ದರೆ ಅದನ್ನು ಮೊದಲು ಪಠ್ಯವಾಗಿ ಪರಿವರ್ತಿಸಬೇಕು.

ಕನ್ನಡದಲ್ಲಿನ ತೊಡಕು

ಯುಟಿಎಫ್-8 ಸಂಕೇತದಲ್ಲಿ ಇಂಗ್ಲಿಷಿನ ಪ್ರತಿ ಅಕ್ಷರಕ್ಕೆ 1 ಬೈಟ್ ಸಾಕು; ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. 'ಚಿತ್ರದುರ್ಗ' ಎಂಬ ಪದವು 10 ಸಂಕೇತಗಳಿಂದಾಗಿ 30 ಬೈಟ್ ಆಗುತ್ತದೆ. ಅದೇ ಹೆಸರು ಇಂಗ್ಲಿಷಿನಲ್ಲಿ 11 ಬೈಟ್. ತರಬೇತಿಗೆ ದೊರೆಯುವ ಕನ್ನಡ ಪಠ್ಯವೂ ಕಡಿಮೆ. ಹೀಗಾಗಿ ಹಲವು ಮಾದರಿಗಳಲ್ಲಿ ಕನ್ನಡದ ಉತ್ತರ ದುಬಾರಿಯೂ ದುರ್ಬಲವೂ ಆಗುತ್ತದೆ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ 'ಭಾಷಿಣಿ' ಯೋಜನೆಯು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅನುವಾದ ಮತ್ತು ಧ್ವನಿ ಸೌಲಭ್ಯಗಳನ್ನು ಒದಗಿಸುತ್ತಿದೆ.

ಸಿಬ್ಬಂದಿ ಮತ್ತು ಮೌಲ್ಯಮಾಪನ

ಸುತ್ತೋಲೆಯ ಕರಡು, ಅಭ್ಯಾಸ ಪ್ರಶ್ನೆಗಳು, ಸಭೆಯ ನಡಾವಳಿ ಮುಂತಾದವುಗಳಲ್ಲಿ ಸಿಬ್ಬಂದಿಗೆ ಸಮಯ ಉಳಿಯುತ್ತದೆ. ಆದರೆ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿರುವ ಜಾತಿ ಮತ್ತು ಆದಾಯದ ವಿವರಗಳನ್ನು ಹೊರಗಿನ ಚಾಟ್‌ಬಾಟ್‌ಗೆ ನೀಡುವುದು ವಿದ್ಯಾರ್ಥಿಯ ಖಾಸಗಿತನಕ್ಕೆ ಧಕ್ಕೆ ತರುತ್ತದೆ.

ಬೆಂಗಳೂರಿನ ಆರ್‌ವಿ ವಿಶ್ವವಿದ್ಯಾಲಯವು 2023ರ ಜನವರಿಯಲ್ಲಿ ಚಾಟ್‌ಜಿಪಿಟಿ ಬಳಕೆಯನ್ನು ನಿಷೇಧಿಸಿತು. ಯಂತ್ರ ಬರೆದ ಪಠ್ಯವನ್ನು ಗುರುತಿಸಲು ಓಪನ್‌ಎಐ ಸಂಸ್ಥೆಯೇ ರೂಪಿಸಿದ್ದ ಸಾಧನವನ್ನು ನಿಖರತೆ ಕಡಿಮೆಯೆಂಬ ಕಾರಣಕ್ಕೆ ಅದೇ ವರ್ಷದ ಜುಲೈನಲ್ಲಿ ಹಿಂಪಡೆಯಲಾಯಿತು.