ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ದೂರ ಮತ್ತು ಕಾಲದ ಲೆಕ್ಕ

ದೂರ ಹೆಚ್ಚಿದಷ್ಟೂ ಪ್ರಯಾಣದ ಅವಧಿಯೂ ಹೆಚ್ಚುತ್ತದೆಂಬುದು ಸಾಮಾನ್ಯ ತಿಳಿವಳಿಕೆ. ನೆಲದ ಮೇಲಿನ ಪ್ರಯಾಣಕ್ಕೆ ಬಹುಮಟ್ಟಿಗೆ ಒಪ್ಪುವ ಈ ಮಾತು ದೀರ್ಘ ವಿಮಾನಯಾನಕ್ಕೆ ಯಾವಾಗಲೂ ಅನ್ವಯಿಸುವುದಿಲ್ಲ. ದೆಹಲಿ ಹಾಗೂ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಡುವಣ ಯಾನವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಅತಿ ಸಮೀಪದ ಮಾರ್ಗ

ಭೂಮಿಯು ಗೋಳಾಕಾರವಾಗಿರುವುದರಿಂದ ಅದರ ಮೇಲಿನ ಎರಡು ಸ್ಥಳಗಳ ನಡುವಣ ಅತಿ ಸಮೀಪದ ಮಾರ್ಗವು ಒಂದು ಮಹಾವೃತ್ತದ ಭಾಗವಾಗಿರುತ್ತದೆ. ಭೂಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತವೇ ಮಹಾವೃತ್ತ. ಶಾಲೆಯ ಗೋಳದ ಮೇಲೆ ಈ ಎರಡು ನಗರಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಉತ್ತರ ಧ್ರುವದ ಸಮೀಪದಲ್ಲಿ ಹಾದುಹೋಗುವುದನ್ನು ಕಾಣಬಹುದು. ಹೀಗೆ ಅಳೆದಾಗ ದೊರೆಯುವ ದೂರ ಸುಮಾರು 12,400 ಕಿ.ಮೀ.

ಆದರೆ ವಿಮಾನಗಳು ಯಾವಾಗಲೂ ಈ ರೇಖೆಯನ್ನೇ ಅನುಸರಿಸಲಾರವು. ಹವಾಮಾನ, ತುರ್ತು ಸಂದರ್ಭದಲ್ಲಿ ಇಳಿಯಲು ಬೇಕಾದ ನಿಲ್ದಾಣಗಳು, ಅನ್ಯ ದೇಶಗಳ ವಾಯುಪ್ರದೇಶದ ಅನುಮತಿ ಇವೆಲ್ಲವನ್ನೂ ಗಮನಿಸಬೇಕಾಗುತ್ತದೆ. 2019ರಲ್ಲಿಯೂ 2025ರಲ್ಲಿಯೂ ಪಾಕಿಸ್ತಾನವು ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೊರಟ ಅನೇಕ ವಿಮಾನಗಳು ಸುತ್ತು ದಾರಿ ಹಿಡಿಯಬೇಕಾಯಿತು.

ಗಾಳಿಯ ನೆರವು

2015ರ ಡಿಸೆಂಬರ್‌ನಲ್ಲಿ ಏರ್ ಇಂಡಿಯಾ ಸಂಸ್ಥೆಯು ಈ ಎರಡು ನಗರಗಳ ನಡುವೆ ನೇರ ಯಾನವನ್ನು ಆರಂಭಿಸಿದಾಗ ವಿಮಾನವು ಅಟ್ಲಾಂಟಿಕ್ ಸಾಗರದ ಮೇಲೆ ಸುಮಾರು 13,900 ಕಿ.ಮೀ. ಸಾಗುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಮಾರ್ಗವನ್ನು ಅನುಸರಿಸಲಾಯಿತು. ದೂರ ಸುಮಾರು 15,300 ಕಿ.ಮೀ.ಗೆ ಏರಿತು, ಆದರೂ ವಿಮಾನವು ಸುಮಾರು ಹದಿನಾಲ್ಕೂವರೆ ಗಂಟೆಗಳಲ್ಲಿಯೇ ಗುರಿ ಸೇರಿತು. ಹಳೆಯ ಮಾರ್ಗಕ್ಕೆ ಹೋಲಿಸಿದರೆ ಸುಮಾರು ಎರಡು ಗಂಟೆಗಳ ಉಳಿತಾಯವಾಯಿತು.

ಇದಕ್ಕೆ ಭೂಮಿಯ ಆವರ್ತನೆಯು ನೇರ ಕಾರಣವೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ, ವಾತಾವರಣವೂ ಭೂಮಿಯೊಡನೆಯೇ ತಿರುಗುತ್ತದೆ. ನಿಜವಾದ ಕಾರಣವೆಂದರೆ ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಜೆಟ್ ಪ್ರವಾಹ. ವಾಯುವಿನಲ್ಲಿ ಗಂಟೆಗೆ 900 ಕಿ.ಮೀ. ವೇಗದಿಂದ ಸಾಗುವ ವಿಮಾನಕ್ಕೆ 150 ಕಿ.ಮೀ. ವೇಗದ ಗಾಳಿ ಹಿಂದಿನಿಂದ ಒದಗಿದರೆ ನೆಲಕ್ಕೆ ಹೋಲಿಸಿದ ವೇಗ 1,050 ಕಿ.ಮೀ. ಆಗುತ್ತದೆ, ಅದೇ ಗಾಳಿ ಎದುರಾದರೆ 750 ಕಿ.ಮೀ.ಗೆ ಇಳಿಯುತ್ತದೆ.

ಗಡಿಯಾರದ ಲೆಕ್ಕ

ಟಿಕೆಟಿನಲ್ಲಿ ನಮೂದಿಸುವ ಹೊರಡುವ ಮತ್ತು ತಲುಪುವ ವೇಳೆಗಳು ಆಯಾ ಊರಿನ ಸ್ಥಳೀಯ ವೇಳೆಗಳಾಗಿರುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರವು ಭಾರತದ್ದಕ್ಕಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಡಿಸೆಂಬರ್ 1ರ ಬೆಳಗಿನ ಜಾವ 4 ಗಂಟೆಗೆ ದೆಹಲಿಯನ್ನು ಬಿಟ್ಟು 16 ಗಂಟೆ ಪ್ರಯಾಣ ಮಾಡಿದವರು ಅಲ್ಲಿ ಅದೇ ದಿನ ಬೆಳಿಗ್ಗೆ ಆರೂವರೆಗೆ ಇಳಿಯುತ್ತಾರೆ. ಅದೇ ತಿಂಗಳ 10ರಂದು ಬೆಳಿಗ್ಗೆ 9ಕ್ಕೆ ಅಲ್ಲಿಂದ ಹೊರಟು ಅಷ್ಟೇ ಅವಧಿ ಪ್ರಯಾಣ ಮಾಡಿದವರು ದೆಹಲಿಯನ್ನು ಸೇರುವುದು 11ರ ಮಧ್ಯಾಹ್ನ ಎರಡೂವರೆಗೆ. ಆದುದರಿಂದ ಬಂಧುಗಳನ್ನು ಕರೆತರಲು ನಿಲ್ದಾಣಕ್ಕೆ ತೆರಳುವವರು ವೇಳೆಯನ್ನಷ್ಟೇ ಅಲ್ಲದೆ ತಲುಪುವ ದಿನಾಂಕವನ್ನೂ ತಪ್ಪದೆ ನೋಡಿಕೊಳ್ಳುವುದು ಅಗತ್ಯ.