ಚಿಪ್‌ನೊಳಗಿನ ಉಷ್ಣ ಸಂವೇದಕ: ಉದ್ದಿಮೆದಾರರು ತಿಳಿದಿರಬೇಕಾದ ಸಂಗತಿಗಳು

ನಂಜನಗೂಡು ಕೈಗಾರಿಕಾ ಪ್ರದೇಶದ ಸಣ್ಣ ಘಟಕವೊಂದರ ಲೆಕ್ಕಪತ್ರಗಳನ್ನು ಪರಿಶೋಧಿಸುವಾಗ, ದುರಸ್ತಿ ವೆಚ್ಚದ ಖಾತೆಯಲ್ಲಿ ಒಂದೇ ನಮೂದು ಎರಡು ಬಾರಿ ಕಂಡುಬಂದಿತು: ಪ್ಯಾಕಿಂಗ್ ಯಂತ್ರದ ಕಂಟ್ರೋಲ್ ಕಾರ್ಡ್ ಬದಲಾವಣೆ. ವಿಚಾರಿಸಲಾಗಿ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಯಂತ್ರವು ತಾನಾಗಿ ನಿಂತು, ತಣಿದ ಬಳಿಕ ತಾನಾಗಿ ಚಾಲನೆಗೊಳ್ಳುತ್ತಿತ್ತೆಂದು ತಿಳಿಯಿತು. ಮೂರನೆಯ ಬಾರಿ ಬಂದ ತಂತ್ರಜ್ಞರು ಪ್ಯಾನೆಲ್‌ನ ಫ್ಯಾನ್ ಜಾಲರಿಗೆ ಕಟ್ಟಿದ್ದ ಧೂಳನ್ನು ತೋರಿಸಿದರು. ಕಾರ್ಡ್ ಕೆಟ್ಟಿರಲಿಲ್ಲ; ಅದರ ಮೇಲಿನ ಚಿಪ್ ತನ್ನನ್ನು ತಾನೇ ರಕ್ಷಿಸಿಕೊಳ್ಳುತ್ತಿತ್ತು.

ಈ ವಿಷಯ ನಮಗೆ ದೂರದ್ದಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ನಂತರ ಚಿಪ್ ವಿನ್ಯಾಸ ನಮ್ಮ ರಾಜ್ಯದಲ್ಲಿ ಬೇರೂರಿತು. ಚಿಪ್‌ಗಳನ್ನು ಕೂರಿಸುವ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡುಗಳನ್ನು ಎ.ಟಿ. ಅಂಡ್ ಎಸ್. ಸಂಸ್ಥೆ ನಂಜನಗೂಡಿನಲ್ಲಿಯೇ ತಯಾರಿಸುತ್ತದೆ.

ಕಾರ್ಯವಿಧಾನ

ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವಣ ವೋಲ್ಟೇಜು, ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದಾಗ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಆದರೆ ಈ ವೋಲ್ಟೇಜು ಚಿಪ್‌ನಿಂದ ಚಿಪ್‌ಗೆ ಸ್ವಲ್ಪ ಭಿನ್ನ. ಆದ್ದರಿಂದ ವಿನ್ಯಾಸಕಾರರು ಎರಡು ಬೇರೆ ಬೇರೆ ಪ್ರಮಾಣದ ವಿದ್ಯುತ್ ಪ್ರವಾಹ ಹರಿಸಿ, ಎರಡು ವೋಲ್ಟೇಜುಗಳ ವ್ಯತ್ಯಾಸವನ್ನು ಅಳೆಯುತ್ತಾರೆ. ಪ್ರವಾಹಗಳ ಅನುಪಾತ 8 ಆಗಿದ್ದರೆ, ಈ ವ್ಯತ್ಯಾಸ ಪ್ರತಿ ಡಿಗ್ರಿಗೆ ಸುಮಾರು 0.18 ಮಿಲಿವೋಲ್ಟ್ ಹೆಚ್ಚುತ್ತದೆ. ಇದನ್ನೇ ಅಂಕಿಯಾಗಿ ಪರಿವರ್ತಿಸಲಾಗುತ್ತದೆ.

7805ರಂತಹ ಸಾಮಾನ್ಯ ರೆಗ್ಯುಲೇಟರ್ ಚಿಪ್‌ನಲ್ಲಿ ಈ ತತ್ತ್ವದ ಸರಳ ರೂಪವಿದ್ದು, ಮಿತಿ ಮೀರಿದಾಗ ಅದು ವಿದ್ಯುತ್ ಪೂರೈಕೆಯನ್ನು ತಡೆಯುತ್ತದೆ. ಕಂಪ್ಯೂಟರಿನ ಪ್ರೊಸೆಸರಿನಲ್ಲಿ ಇಂತಹ ಹಲವು ಸಂವೇದಕಗಳಿದ್ದು, ಬಿಸಿ ಹೆಚ್ಚಿದಾಗ ಮೊದಲು ವೇಗ ತಗ್ಗುತ್ತದೆ.

ವೆಚ್ಚ ಮತ್ತು ನಿಖರತೆ

ಸಂವೇದಕಕ್ಕೆ ತಗಲುವ ಸಿಲಿಕಾನ್ ಅತ್ಯಲ್ಪ; ಖರ್ಚಿರುವುದು ಅಳತೆ ಹೊಂದಿಸುವುದರಲ್ಲಿ. ಚಿಪ್‌ನ್ನು ನಿಗದಿತ ಉಷ್ಣತೆಗೆ ತಂದು ಸ್ಥಿರಗೊಳಿಸಿ ಪರೀಕ್ಷಿಸಲು ಸಮಯ ಬೇಕು, ಪರೀಕ್ಷಾ ಯಂತ್ರದ ಸಮಯವೆಂದರೆ ಹಣ. ಆದುದರಿಂದ ಅಗ್ಗದ ಮೈಕ್ರೋಕಂಟ್ರೋಲರ್‌ಗಳ ಒಳಗಿನ ಸಂವೇದಕದಲ್ಲಿ ಹಲವು ಡಿಗ್ರಿಗಳ ದೋಷವಿರಬಹುದು. ಮೇಲಾಗಿ ಅದು ಅಳೆಯುವುದು ತನ್ನದೇ ಸಿಲಿಕಾನ್‌ನ ಬಿಸಿಯನ್ನು. ಟಿ. ನರಸೀಪುರದ ರೇಷ್ಮೆ ನೂಲು ಬಿಚ್ಚಾಣಿಕೆಯ ನೀರಿನ ಉಷ್ಣತೆಗಾಗಲಿ, ಅಕ್ಕಿ ಗಿರಣಿಯ ಡ್ರೈಯರ್‌ಗಾಗಲಿ ಪ್ರತ್ಯೇಕ ಸಂವೇದಕವೇ ಬೇಕು.

ಸದಸ್ಯರಿಗೆ ಸಲಹೆ

1. ಬಿಸಿಯಿಂದ ನಿಂತ ಯಂತ್ರದ ಕಾರ್ಡ್ ಬದಲಿಸುವ ಮುನ್ನ ಫ್ಯಾನ್, ಜಾಲರಿ, ಹೀಟ್ ಸಿಂಕ್ ಪರಿಶೀಲಿಸತಕ್ಕದ್ದು.

2. ಯಂತ್ರ ನಿಂತ ದಿನ ಹಾಗೂ ವೇಳೆಯನ್ನು ಪುಸ್ತಕದಲ್ಲಿ ಬರೆದಿಡುವುದು ಒಳಿತು. ಮಧ್ಯಾಹ್ನವೇ ನಿಲ್ಲುತ್ತಿದ್ದರೆ ಕಾರಣ ಬಹುಮಟ್ಟಿಗೆ ಬಿಸಿಯೇ.

3. ಉಷ್ಣ ರಕ್ಷಣೆಯನ್ನು ತಪ್ಪಿಸಿ ಯಂತ್ರ ಓಡಿಸಬಾರದು.

4. ಉಪಕರಣ ಕೊಳ್ಳುವಾಗ, ಸಂವೇದಕದ ನಿಖರತೆ ಎಷ್ಟು, ಎಷ್ಟು ಉಷ್ಣತೆಗಳಲ್ಲಿ ಅಳತೆ ಹೊಂದಿಸಲಾಗಿದೆ ಎಂದು ಲಿಖಿತವಾಗಿ ಕೇಳುವುದು ಸೂಕ್ತ.

ಮೇಲೆ ಹೇಳಿದ ಘಟಕದಲ್ಲಿ ಈಗ ಪ್ರತಿ ಶನಿವಾರ ಜಾಲರಿ ಶುಚಿಗೊಳಿಸುತ್ತಾರೆ. ಮರುವರ್ಷದ ಖಾತೆಯಲ್ಲಿ ಆ ನಮೂದು ಇರಲಿಲ್ಲ.